ಪಂಕ್ಚರ್ ಅಂಗಡಿ ಇರುವ ಊರಿಗೆ ಕಂಪ್ಯೂಟರ್ ರಿಪೇರಿ ಮೇಜೂ ಬೇಕು

ನಿಮ್ಮ ಹೋಬಳಿಯಲ್ಲಿ ಈಗ ಎಷ್ಟು ಕಂಪ್ಯೂಟರ್ ಇವೆ, ಯಾವತ್ತಾದರೂ ಎಣಿಸಿದ್ದೀರಾ? ಗ್ರಾಮ ಪಂಚಾಯಿತಿಯಲ್ಲಿ ಎರಡೋ ಮೂರೋ. ಗ್ರಾಮ ಒನ್ ಕೇಂದ್ರದಲ್ಲಿ ಒಂದು. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ಚೀಟಿ ಕೊಡುವ ಯಂತ್ರದ ಪಕ್ಕ ಒಂದು. ಸೊಸೈಟಿಯಲ್ಲಿ ಒಂದು. ಹೈಸ್ಕೂಲಿನ ಬೀಗ ಹಾಕಿದ ಕೋಣೆಯಲ್ಲಿ ಹತ್ತು. ಜೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ, ಗೊಬ್ಬರದ ಅಂಗಡಿ, ಮೆಡಿಕಲ್ ಶಾಪಿನಲ್ಲಿ ಒಂದೊಂದು. ಕಾಲೇಜಿಗೆ ಹೋಗುವ ಮಕ್ಕಳ ಲ್ಯಾಪ್‌ಟಾಪ್‌ಗಳು ಬೇರೆ. ಎಲ್ಲ ಕೂಡಿಸಿದರೆ ನೂರರ ಹತ್ತಿರ ಹೋದರೂ ಆಶ್ಚರ್ಯವಿಲ್ಲ.

ಇವುಗಳಲ್ಲಿ ಒಂದು ಕೆಟ್ಟರೆ ಏನಾಗುತ್ತದೆ? ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು, ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿ 'ಬಿಟ್ಟು ಹೋಗಿ, ಶುಕ್ರವಾರ ಬನ್ನಿ' ಅನ್ನುತ್ತಾರೆ. ಶುಕ್ರವಾರ ಹೋದರೆ 'ಪಾರ್ಟ್ ಬಂದಿಲ್ಲ' ಅನ್ನುತ್ತಾರೆ. ಎರಡು ದಿನದ ಕೂಲಿ, ನಾಲ್ಕು ಸಲದ ಬಸ್ ಚಾರ್ಜು ಹೋದ ಮೇಲೆ ಗೊತ್ತಾಗುತ್ತದೆ: ಒಳಗಿನ ಧೂಳು ಹೊಡೆದು ರ‍್ಯಾಮ್ ತೆಗೆದು ಹಾಕಿದ್ದಷ್ಟೇ ರಿಪೇರಿ.

ಹೋಬಳಿಗೊಂದು ಪಂಕ್ಚರ್ ಅಂಗಡಿ, ಪಂಪ್‌ಸೆಟ್ ಮೋಟಾರ್ ಸುತ್ತುವವರು ಇರುವ ಹಾಗೆ ಕಂಪ್ಯೂಟರ್ ರಿಪೇರಿಯ ಒಂದು ಮೇಜೂ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ಅದು ಬೆಂಗಳೂರಿನಿಂದ ಬರುವ ದೊಡ್ಡ ಅಂಗಡಿ ಆಗಬೇಕಿಲ್ಲ. ಊರಲ್ಲೇ ಇರುವ ಹುಡುಗ ಅಥವಾ ಹುಡುಗಿ ಮನೆಯ ಮುಂದಿನ ಕೋಣೆಯಲ್ಲಿ ಶುರು ಮಾಡಬಹುದು, ಮಾಡಬೇಕು.

ಇದರಲ್ಲಿ ಹಣ ಇದೆಯೇ, ತೊಂದರೆ ಎಲ್ಲಿದೆ, ಹೇಗೆ ಶುರು ಮಾಡಿದರೆ ಕೈ ಸುಟ್ಟುಕೊಳ್ಳುವುದಿಲ್ಲ ಎಂಬುದನ್ನು, ತಾಲ್ಲೂಕು ಸುತ್ತುವ ಅರೆಕಾಲಿಕ ವರದಿಗಾರರಾಗಿ ನಾವು ಕಂಡಷ್ಟು, ತಿಳಿದಷ್ಟು ಇಲ್ಲಿ ಹೇಳುತ್ತೇವೆ.

'ಈಗೆಲ್ಲ ಮೊಬೈಲ್ ಅಲ್ವಾ?'

ಈ ಮಾತು ಎತ್ತಿದ ಕೂಡಲೇ ಬರುವ ಮೊದಲ ಪ್ರಶ್ನೆ ಇದು. ಕಂಪ್ಯೂಟರ್ ಕಾಲ ಮುಗಿಯಿತು, ಇನ್ನು ಮೊಬೈಲ್ ರಿಪೇರಿ ಕಲಿತರೆ ಸಾಕು ಅನ್ನುವವರು ಬಹಳ.

ಮನೆಯಲ್ಲಿ ಸಿನಿಮಾ ನೋಡುವುದಕ್ಕೆ, ಹಣ ಕಳಿಸುವುದಕ್ಕೆ ಮೊಬೈಲ್ ಸಾಕು, ಒಪ್ಪೋಣ. ಆದರೆ ಸರ್ಕಾರಿ ಕೆಲಸ, ಲೆಕ್ಕದ ಕೆಲಸ ಹಳ್ಳಿಗಳಲ್ಲಿ ಕಂಪ್ಯೂಟರಿಗೆ ಬರುತ್ತಿರುವುದೇ ಈಗ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಣ ಮಾಡುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2022ರ ಜೂನ್‌ನಲ್ಲಿ. ಅಂದರೆ ನಮ್ಮ ಬೆಳೆ ಸಾಲದ ಲೆಕ್ಕ ಪುಸ್ತಕದಿಂದ ಪರದೆಗೆ ಬರುತ್ತಿರುವುದು ಇತ್ತೀಚೆಗೆ. ಇ-ಸ್ವತ್ತು, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಇವೆಲ್ಲಕ್ಕೂ ಎಲ್ಲೋ ಒಂದು ಕಡೆ ಕೀಬೋರ್ಡು, ಪ್ರಿಂಟರು ಬೇಕೇ ಬೇಕು.

ಇನ್ನೊಂದು ವಿಷಯ. ಮೊಬೈಲ್ ಕೆಟ್ಟರೆ ಒಬ್ಬರಿಗೆ ತೊಂದರೆ. ಗ್ರಾಮ ಒನ್ ಕೇಂದ್ರದ ಕಂಪ್ಯೂಟರ್ ಕೆಟ್ಟರೆ ಬಾಗಿಲ ಮುಂದೆ ನಿಂತ ಇಪ್ಪತ್ತು ಜನಕ್ಕೆ ತೊಂದರೆ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಪ್ರಿಂಟರ್ ಹೆಡ್ ಒಣಗಿ ನಿಂತರೆ ಒಂದು ಮಗುವಿನ ವರ್ಷದ ಹಣ ಹೋಗುತ್ತದೆ. ಡೇರಿಯ ಸಿಸ್ಟಮ್ ನಿಂತ ದಿನ ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ನಿಂತವರ ಮಾತು ಕೇಳಿಸಿಕೊಂಡರೆ ಸಾಕು, ಈ ಕೆಲಸದ ಬೆಲೆ ತಿಳಿಯುತ್ತದೆ.

ಅಂಗಡಿ ಬೇಡ, ಮೊದಲು ಮನೆ

ಹಳ್ಳಿಯಲ್ಲಿ ವ್ಯಾಪಾರ ಅಂದ ಕೂಡಲೇ ಮೊದಲು ನೆನಪಾಗುವುದು ಬೋರ್ಡು. ಬಸ್ ಸ್ಟ್ಯಾಂಡ್ ಹತ್ತಿರ ಮಳಿಗೆ, ಅಡ್ವಾನ್ಸು, ಗಾಜಿನ ಕೌಂಟರು, ಫ್ಲೆಕ್ಸು, ಪೂಜೆ, ಊಟ. ಅಮ್ಮನ ಒಡವೆ ಸೊಸೈಟಿಯಲ್ಲಿ ಅಡವಿಟ್ಟು ಇಷ್ಟನ್ನೂ ಮಾಡಿ, ಎಂಟು ತಿಂಗಳಿಗೆ ಶಟರ್ ಎಳೆದವರನ್ನು ನಾವು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇವೆ. ಅವರಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ತಿಂಗಳಿಗೆ ಬಂದಿದ್ದು ಬಾಡಿಗೆಗೆ, ಬಡ್ಡಿಗೆ ಹೋಯಿತು ಅಷ್ಟೇ.

ರಿಪೇರಿ ಕೆಲಸಕ್ಕೆ ಕಿರಾಣಿ ಅಂಗಡಿಯ ಹಾಗೆ ದಾರಿಹೋಕರು ಬೇಕಾಗಿಲ್ಲ. ಕೆಟ್ಟವರು ಹುಡುಕಿಕೊಂಡು ಬರುತ್ತಾರೆ, ಇಲ್ಲವೇ ಫೋನ್ ಮಾಡಿ ಕರೆಯುತ್ತಾರೆ. ಪಂಚಾಯಿತಿ, ಶಾಲೆ, ಡೇರಿಯ ಸಿಸ್ಟಮ್ ಹೊತ್ತು ತರುವುದಿಲ್ಲ; ನಾವೇ ಹೋಗಬೇಕು. ಹಾಗಾಗಿ ಬೇಕಾಗಿರುವುದು ಒಂದು ಗಟ್ಟಿ ಮೇಜು, ಒಳ್ಳೆ ಬೆಳಕು, ಸರಿಯಾದ ಅರ್ಥಿಂಗ್ ಇರುವ ಪ್ಲಗ್ ಪಾಯಿಂಟು, ಬೀಗ ಹಾಕುವ ಒಂದು ಬೀರು ಮತ್ತು ಒಂದು ಬೈಕು. ಬೈಕ್ ಇಲ್ಲದಿದ್ದರೆ ಚೀಲ ಹೆಗಲಿಗೆ ಹಾಕಿ ಬಸ್ಸಿನಲ್ಲಿ ಹೋದರೂ ನಡೆಯುತ್ತದೆ.

ಸಾಮಾನಿನ ಪಟ್ಟಿಯೂ ಉದ್ದವಿಲ್ಲ. ಬೇರೆ ಬೇರೆ ತುದಿಯ ಸ್ಕ್ರೂ ಡ್ರೈವರ್ ಸೆಟ್, ಮಲ್ಟಿಮೀಟರ್, ಧೂಳು ಹೊಡೆಯುವ ಬ್ಲೋವರ್, ಬ್ರಷ್, ಸೋಲ್ಡರಿಂಗ್ ಐರನ್, ಥರ್ಮಲ್ ಪೇಸ್ಟ್, ಐಸೊಪ್ರೊಪೈಲ್ ಆಲ್ಕೊಹಾಲ್, ಎರಡು ಮೂರು ಪೆನ್‌ಡ್ರೈವ್, ಹಾರ್ಡ್‌ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್, ಬ್ಯಾಕಪ್ ಇಡಲು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ಪರೀಕ್ಷೆಗೆ ಒಂದು ಒಳ್ಳೆ ಎಸ್‌ಎಂಪಿಎಸ್, ಡಿಡಿಆರ್3, ಡಿಡಿಆರ್4 ಹಳೆ ರ‍್ಯಾಮ್ ಒಂದೊಂದು. ನಮ್ಮ ಅಂದಾಜಿನಲ್ಲಿ 10ರಿಂದ 15 ಸಾವಿರ ರೂಪಾಯಿಯಲ್ಲಿ ಇಷ್ಟು ಆಗುತ್ತದೆ. ಒಂದು ಮಧ್ಯಮ ಮೊಬೈಲಿನ ಬೆಲೆ ಅದು.

ಬಿಡಿ ಭಾಗಗಳನ್ನು ಮೊದಲೇ ತಂದು ರಾಶಿ ಹಾಕಬೇಡಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದವರಿಗೆ ಕಂಡಿದ್ದೆಲ್ಲ ಬೇಕು ಅನಿಸುತ್ತದೆ. ಆದರೆ ರ‍್ಯಾಮ್, ಎಸ್‌ಎಸ್‌ಡಿ ಬೆಲೆ ಈರುಳ್ಳಿ ಬೆಲೆಯ ಹಾಗೆ ಏರಿಳಿಯುತ್ತದೆ. ಕೆಲಸ ಬಂದ ಮೇಲೆ, ಗಿರಾಕಿಯಿಂದ ಪಾರ್ಟಿನ ಹಣ ಮುಂಗಡ ತೆಗೆದುಕೊಂಡು ತರಿಸಿ. ಮನೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಬಟನ್ ಸೆಲ್, ಪವರ್ ಕೇಬಲ್, ಕೀಬೋರ್ಡ್, ಮೌಸ್‌ನಂಥ ಚಿಲ್ಲರೆ ಸಾಮಾನು ಮಾತ್ರ.

ಹಳ್ಳಿಯಲ್ಲಿ ಕಂಪ್ಯೂಟರ್ ಕೆಡುವ ಬಗೆಯೇ ಬೇರೆ

ಇದನ್ನು ನಾವು ಒತ್ತಿ ಹೇಳುತ್ತೇವೆ, ಏಕೆಂದರೆ ಊರಿನ ರಿಪೇರಿಯವರಿಗೆ ಇರುವ ಅನುಕೂಲ ಇದೇ. ನಗರದ ಆಫೀಸಿನಲ್ಲಿ ಎಸಿ ಕೋಣೆಯಲ್ಲಿ ಕೂತ ಕಂಪ್ಯೂಟರ್ ವಯಸ್ಸಾಗಿ ಕೆಡುತ್ತದೆ. ನಮ್ಮಲ್ಲಿ ಧೂಳು, ಕರೆಂಟು, ತೇವ, ಇರುವೆ, ಇಲಿ, ಹಲ್ಲಿಯಿಂದ ಕೆಡುತ್ತದೆ.

ಬಯಲುಸೀಮೆಯಲ್ಲಿ ಧೂಳು ದೊಡ್ಡ ಶತ್ರು. ಪ್ರೊಸೆಸರ್ ಮೇಲಿನ ಫ್ಯಾನಿಗೆ ಹತ್ತಿಯ ಹಾಗೆ ಧೂಳು ಮೆತ್ತಿಕೊಂಡರೆ ಗಾಳಿ ಆಡುವುದಿಲ್ಲ. ಬಿಸಿ ಏರಿ ಕಂಪ್ಯೂಟರ್ ತಾನೇ ಆಫ್ ಆಗುತ್ತದೆ. 'ಅರ್ಧ ಗಂಟೆಗೆ ಬಂದ್ ಆಗ್ತಿದೆ, ವೈರಸ್ ಇರ್ಬೇಕು' ಅನ್ನುತ್ತಾರೆ. ಬಿಚ್ಚಿ ಧೂಳು ಹೊಡೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಎಷ್ಟೋ ಸಲ ಅಲ್ಲಿಗೇ ಸರಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಬಂದರೆ ರ‍್ಯಾಮಿನ ಚಿನ್ನದ ಬಣ್ಣದ ಕಾಲುಗಳಿಗೆ ಕಿಲುಬು ಹಿಡಿಯುತ್ತದೆ. ಬೀಪ್ ಬೀಪ್ ಶಬ್ದ, ಪರದೆ ಕಪ್ಪು. ಶಾಲೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒರೆಸಿ ಮತ್ತೆ ಕೂರಿಸಿದರೆ ಜೀವ ಬರುತ್ತದೆ.

ಕರೆಂಟಿನದು ಇನ್ನೊಂದು ಕಥೆ. ವೋಲ್ಟೇಜ್ ಏರಿಳಿತಕ್ಕೆ ಮೊದಲು ಬಲಿಯಾಗುವುದು ಎಸ್‌ಎಂಪಿಎಸ್. ಅದನ್ನು ಬದಲಿಸುವುದು ಹತ್ತು ನಿಮಿಷದ ಕೆಲಸ. ಆದರೆ ಮೂಲ ತೊಂದರೆ ಗೋಡೆಯಲ್ಲಿದೆ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಿದರೆ ಮೂರು ತಿಂಗಳಿಗೆ ಮತ್ತೆ ಹೋಗುತ್ತದೆ. ಯುಪಿಎಸ್ ಇದೆ ಅನ್ನುತ್ತಾರೆ. ಅದರೊಳಗಿನ 12 ವೋಲ್ಟಿನ ಬ್ಯಾಟರಿ ಯಾವಾಗಲೋ ಸತ್ತಿರುತ್ತದೆ. ಸಿಡಿಲಿನ ದಿನ ಪ್ಲಗ್ ಕಿತ್ತಿಡಿ, ಇಂಟರ್‌ನೆಟ್ ಕೇಬಲನ್ನೂ ಕಿತ್ತಿಡಿ ಎಂದು ಹೇಳಿಕೊಡುವುದೂ ರಿಪೇರಿಯವರ ಕೆಲಸವೇ.

ಎಷ್ಟೋ ಶಾಲೆಗಳ ಲ್ಯಾಬಿನಲ್ಲಿ 'ಕೆಟ್ಟಿದೆ' ಎಂದು ಮೂಲೆಗೆ ಸರಿಸಿದ ಸಿಸ್ಟಮ್‌ಗಳಿಗೆ ಬೇಕಿರುವುದು ಒಂದು ಬಟನ್ ಸೆಲ್. ಮದರ್‌ಬೋರ್ಡಿನಲ್ಲಿ ಗಡಿಯಾರ ನಡೆಸಲು ಸಿಆರ್ 2032 ಎಂಬ 3 ವೋಲ್ಟಿನ ಪುಟ್ಟ ಸೆಲ್ ಇರುತ್ತದೆ. ಅದು ಖಾಲಿಯಾದರೆ ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದರೆ ವೆಬ್‌ಸೈಟುಗಳು ಸುರಕ್ಷಿತವಲ್ಲ ಎಂದು ತೆರೆಯುವುದೇ ಇಲ್ಲ. ಕೈಗಡಿಯಾರದ ಅಂಗಡಿಯಲ್ಲಿ ಕೆಲವೇ ಹತ್ತು ರೂಪಾಯಿಗೆ ಸಿಗುವ ಸೆಲ್ ಅದು. ಅದಿಲ್ಲದೆ ಎರಡು ಬ್ಯಾಚಿನ ಮಕ್ಕಳು ಕಂಪ್ಯೂಟರ್ ಮುಟ್ಟದೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುತ್ತಾರೆ. ರಿಪೇರಿಯವರು ಊರಲ್ಲಿ ಇಲ್ಲದ್ದರ ನಿಜವಾದ ನಷ್ಟ ಇದು.

'ಸಿಸ್ಟಮ್ ತುಂಬಾ ಸ್ಲೋ' ಎಂಬುದು ಇನ್ನೊಂದು ನಿತ್ಯದ ದೂರು. ಹಳೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಏಳೆಂಟು ವರ್ಷದ ಲ್ಯಾಪ್‌ಟಾಪ್ ಕೂಡ ಹೊಸದರ ಹಾಗೆ ಏಳುತ್ತದೆ. ಹೊಸ ಲ್ಯಾಪ್‌ಟಾಪಿಗೆ ಸಾಲ ಮಾಡಲು ಹೊರಟ ತಂದೆಗೆ 'ಬೇಡ ಚಿಕ್ಕಪ್ಪಾ, ಇದನ್ನೇ ಸರಿ ಮಾಡ್ತೀನಿ, ಇನ್ನೆರಡು ವರ್ಷ ಓಡುತ್ತೆ' ಎಂದು ಹೇಳುವವರು ಊರಲ್ಲಿ ಒಬ್ಬರಿರಬೇಕು. ಮಾರುವ ಅಂಗಡಿಯವರು ಅದನ್ನು ಹೇಳುವುದಿಲ್ಲ.

ಕನ್ನಡ ಗೊತ್ತಿರುವುದೂ ಒಂದು ಬಂಡವಾಳ

ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ ಮರುದಿನ ಜೆರಾಕ್ಸ್ ಅಂಗಡಿಯವರು ಓಡಿ ಬರುತ್ತಾರೆ: 'ನನ್ನ ಕನ್ನಡ ಫೈಲೆಲ್ಲ ಇಂಗ್ಲಿಷ್ ಅಕ್ಷರ ಆಗಿಬಿಟ್ಟಿದೆ.' ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಫೈಲು ಅದು. ಆ ಫಾಂಟ್ ಮತ್ತೆ ಹಾಕದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುವುದು. ಫೈಲ್ ಹಾಳಾಗಿರುವುದಿಲ್ಲ. ಹಳೆ ಫಾಂಟ್ ಹಾಕಿಕೊಟ್ಟು, ಬೇಕಾದ್ದನ್ನು ಯೂನಿಕೋಡಿಗೆ ಬದಲಿಸಿಕೊಟ್ಟರೆ ಆಯಿತು.

ಕನ್ನಡ ಗಣಕ ಪರಿಷತ್ತಿನ ನುಡಿ, ಅದಕ್ಕೂ ಮೊದಲಿನ ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ವರ್ಷಗಟ್ಟಲೆ ಕಾಗದಪತ್ರ ಪಂಚಾಯಿತಿ, ಶಾಲೆ, ವಕೀಲರ ಕಚೇರಿಗಳಲ್ಲಿ ಇವೆ. ಇದನ್ನು ತಿಳಿಯದ ಮೆಕ್ಯಾನಿಕ್ 'ಡಾಟಾ ಕರಪ್ಟ್ ಆಗಿದೆ' ಎಂದು ಅಳಿಸಿ ಹಾಕಬಹುದು. ಕನ್ನಡದಲ್ಲಿ ಟೈಪ್ ಮಾಡಿ ಅಭ್ಯಾಸವಿರುವ ಊರಿನ ಹುಡುಗಿಗೆ ಇದು ಐದು ನಿಮಿಷದ ಮಾತು.

ಕಲಿಯುವುದು ಎಲ್ಲಿ?

ಯೂಟ್ಯೂಬ್ ನೋಡಿ ಕಲಿತೆ ಅನ್ನುವವರಿದ್ದಾರೆ. ನೋಡುವುದು ಒಳ್ಳೆಯದೇ. ಆದರೆ ಬೇರೆಯವರ ಲ್ಯಾಪ್‌ಟಾಪ್ ಬಿಚ್ಚುವ ಮೊದಲು ಕೈ ಪಳಗಬೇಕು. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಕೊಡುತ್ತದೆ, ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿ ಚುಚ್ಚಿದರೆ ಬೆಂಕಿ ಹತ್ತುತ್ತದೆ ಎಂಬುದನ್ನು ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕು.

ಸರ್ಕಾರಿ ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಟ್ರೇಡ್ ಇದೆ. ಎಲ್ಲ ಐಟಿಐಗಳಲ್ಲಿ ಇರುವುದಿಲ್ಲ, ವಿಚಾರಿಸಿ. ಅಷ್ಟು ಸಮಯ ಇಲ್ಲದವರಿಗೆ ರುಡ್‌ಸೆಟ್ ಮಾದರಿಯ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯನ್ನು ನೋಡಿಯೇ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ಸ್ವ-ಉದ್ಯೋಗ ತರಬೇತಿ ಸಂಸ್ಥೆ ತೆರೆಸಿತು. ತರಬೇತಿ, ಊಟ, ವಸತಿ ಉಚಿತ. ಗ್ರಾಮೀಣ ಯುವಜನರಿಗೇ ಇರುವುದು ಅದು. ನಿಮ್ಮ ಜಿಲ್ಲೆಯ ಲೀಡ್ ಬ್ಯಾಂಕಿನಲ್ಲಿ ಕೇಳಿದರೆ ಸಂಸ್ಥೆಯ ವಿಳಾಸ, ಮುಂದಿನ ಬ್ಯಾಚಿನ ದಿನಾಂಕ ಸಿಗುತ್ತದೆ.

ತರಬೇತಿ ಮುಗಿದ ಮೇಲೆ ತಾಲ್ಲೂಕು ಕೇಂದ್ರದ ಒಂದು ಅಂಗಡಿಯಲ್ಲಿ ಆರು ತಿಂಗಳು ಕೈಕೆಳಗೆ ಕೆಲಸ ಮಾಡಿ. ಸಂಬಳ ಕಡಿಮೆ ಇರಲಿ ಪರವಾಗಿಲ್ಲ. ಗಿರಾಕಿ ಜೊತೆ ಹೇಗೆ ಮಾತಾಡಬೇಕು, ಪಾರ್ಟ್ ಎಲ್ಲಿಂದ ತರಿಸಬೇಕು, ಯಾವ ಕೆಲಸ ಒಪ್ಪಿಕೊಳ್ಳಬಾರದು ಎಂಬುದು ಅಲ್ಲೇ ತಿಳಿಯುವುದು.

'ನೆಂಟರ ಹತ್ರ ದುಡ್ಡು ಕೇಳೋದಾ?'

ಮನೆಯಲ್ಲಿ ಶುರು ಮಾಡಿದ ರಿಪೇರಿ ಮುಳುಗುವುದಾದರೆ ಕೆಲಸ ಬರದೆ ಮುಳುಗುವುದಕ್ಕಿಂತ ಉದ್ರಿಯಿಂದ ಮುಳುಗುತ್ತದೆ. ಮಾವನ ಮಗನ ಲ್ಯಾಪ್‌ಟಾಪು, ಮೇಷ್ಟ್ರ ಪ್ರಿಂಟರು, ಪಂಚಾಯಿತಿ ಸದಸ್ಯರ ಅಂಗಡಿಯ ಸಿಸ್ಟಮ್ಮು. ಎಲ್ಲರೂ ಬೇಕಾದವರೇ. 'ಏನಪ್ಪಾ, ಎರಡು ಸ್ಕ್ರೂ ಬಿಚ್ಚಿದ್ದಕ್ಕೆ ಮುನ್ನೂರಾ?' ಎಂದು ನಗುತ್ತಾ ಹೇಳಿ ಹೋದರೆ ಏನು ಮಾಡುವುದು?

ನಮ್ಮ ಸಲಹೆ, ರೇಟಿನ ಪಟ್ಟಿ ಬರೆದು ಗೋಡೆಗೆ ಅಂಟಿಸಿ. ಬಿಚ್ಚಿ ನೋಡುವುದಕ್ಕೆ ಇಷ್ಟು, ಧೂಳು ತೆಗೆದು ಪೇಸ್ಟ್ ಹಚ್ಚುವುದಕ್ಕೆ ಇಷ್ಟು, ವಿಂಡೋಸ್ ಹಾಕಿ ಫೈಲ್ ಉಳಿಸಿಕೊಡುವುದಕ್ಕೆ ಇಷ್ಟು, ಮನೆಗೆ ಬಂದರೆ ಇಷ್ಟು. ಜಿಲ್ಲಾ ಕೇಂದ್ರದ ಅಂಗಡಿಯ ದರಕ್ಕಿಂತ ಸ್ವಲ್ಪ ಕಡಿಮೆ ಇರಲಿ, ತೀರಾ ಕಡಿಮೆ ಬೇಡ. ಬಾಯಲ್ಲಿ ಕೇಳಿದರೆ ಜಗಳ. ಗೋಡೆ ಮೇಲೆ ಬರೆದಿದ್ದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪಾರ್ಟಿನ ಬಿಲ್ ಹಾಗೇ ಕೊಡಿ, ಕೂಲಿ ಬೇರೆ ಬರೆಯಿರಿ. ತೆಗೆದ ಹಳೆ ಪಾರ್ಟನ್ನೂ ಕೈಗೆ ಕೊಡಿ. 'ನನ್ನ ಒಳ್ಳೆ ರ‍್ಯಾಮ್ ತೆಗ್ದು ಹಳೇದ್ ಹಾಕಿದಾನೆ' ಎಂಬ ಮಾತು ಊರಲ್ಲಿ ಒಂದು ಸಲ ಹುಟ್ಟಿದರೆ ಹತ್ತು ವರ್ಷ ಸಾಯುವುದಿಲ್ಲ.

ಲೆಕ್ಕ ಬರೆದಿಡಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದಲ್ಲಿ ಎಷ್ಟು ಗಾಬರಿಯಾಯಿತು ಎಂಬುದು ನೆನಪಿರಬಹುದು. ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಎಂದು ಬರೆದ ಅಂಗಡಿಗಳನ್ನು ಎಲ್ಲರೂ ನೋಡಿದ್ದೇವೆ. ಹೆದರುವ ಅಗತ್ಯವಿಲ್ಲ. ರಿಪೇರಿಯಂಥ ಸೇವೆಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೋಬಳಿಯ ಮನೆ ರಿಪೇರಿ ಅಲ್ಲಿಗೆ ಮುಟ್ಟುವುದು ದೂರದ ಮಾತು. ಆದರೆ ಅಡಿಕೆ ಹಣ, ಚೀಟಿ ಹಣ, ಅಣ್ಣ ಕಳಿಸಿದ ಹಣ, ರಿಪೇರಿ ಹಣ ಎಲ್ಲ ಒಂದೇ ಖಾತೆಗೆ ಬಂದರೆ ನಾಳೆ ಯಾರಾದರೂ ಕೇಳಿದಾಗ ವಿವರ ಕೊಡುವುದು ಕಷ್ಟ. ರಿಪೇರಿಗೆ ಬೇರೆ ಖಾತೆ ಇರಲಿ, ಒಂದು ನೂರು ಪುಟದ ನೋಟ್‌ಬುಕ್ ಇರಲಿ.

ಉದ್ಯಮ್ ನೋಂದಣಿಯನ್ನು ಆಧಾರ್ ನಂಬರಿನಿಂದ ನೀವೇ ಮಾಡಿಕೊಳ್ಳಬಹುದು, ಸರ್ಕಾರ ಅದಕ್ಕೆ ಒಂದು ರೂಪಾಯಿಯೂ ಕೇಳುವುದಿಲ್ಲ. ಸಾಲ ಬೇಕೇ ಬೇಕು ಅನ್ನುವವರಿಗೆ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ 50 ಸಾವಿರ ರೂಪಾಯಿವರೆಗೆ ಅಡಮಾನವಿಲ್ಲದ ಸಾಲ ಇದೆ. ಆದರೆ ಮೊದಲ ಆರು ತಿಂಗಳು ಸಾಲವಿಲ್ಲದೆ ನಡೆಸಿ ನೋಡಿ ಎಂದೇ ನಾವು ಹೇಳುವುದು. ಮುಂದೆ ಅಂಗಡಿ ಹಾಕುವುದಾದರೆ ಪಂಚಾಯಿತಿಯ ಪರವಾನಗಿ ವಿಚಾರ ಕೇಳಿಕೊಳ್ಳಿ.

ಗಿರಾಕಿಯ ಫೋಟೊ ಗಿರಾಕಿಯದು

ಇನ್ನು ಎಲ್ಲಕ್ಕಿಂತ ದೊಡ್ಡ ಮಾತು. ಮೋಟಾರ್ ಸುತ್ತುವವರ ಕೈಗೆ ಬರುವುದು ತಾಮ್ರದ ತಂತಿ. ಕಂಪ್ಯೂಟರ್ ರಿಪೇರಿಯವರ ಕೈಗೆ ಬರುವುದು ಒಂದು ಮನೆಯ ಫೋಟೊ, ಬ್ಯಾಂಕ್ ಪಾಸ್‌ವರ್ಡ್, ಮಗಳ ಮೆಸೇಜು, ಆಧಾರ್ ಕಾರ್ಡು, ಮದುವೆ ಮಾತುಕತೆಯ ಜಾತಕ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಒಂದು ಫೋಟೊ ಹೊರಗೆ ಹೋದರೆ ಒಂದು ಹುಡುಗಿಯ ಓದು ನಿಲ್ಲುತ್ತದೆ. ಎಷ್ಟೋ ಹೆಣ್ಣುಮಕ್ಕಳು ಲ್ಯಾಪ್‌ಟಾಪ್ ಕೆಟ್ಟರೂ ರಿಪೇರಿಗೆ ಕೊಡದೆ ಸುಮ್ಮನಿರುವುದು ಈ ಹೆದರಿಕೆಗೆ.

ಆದ್ದರಿಂದ ಮೊದಲ ದಿನದಿಂದಲೇ ಕೆಲವು ಕಟ್ಟಳೆ ಹಾಕಿಕೊಳ್ಳಬೇಕು. ಕೆಲಸಕ್ಕೆ ಬೇಕಾಗದ ಫೋಲ್ಡರ್ ತೆರೆಯಬಾರದು. ಸಾಧ್ಯವಾದಷ್ಟು ಗಿರಾಕಿಯ ಎದುರಿಗೇ ಕೆಲಸ ಮಾಡಬೇಕು. ಬ್ಯಾಕಪ್ ತೆಗೆದಿದ್ದರೆ, ವಾಪಸ್ ಹಾಕಿದ ಮೇಲೆ ಅವರ ಮುಂದೆಯೇ ನಮ್ಮ ಡಿಸ್ಕಿನಿಂದ ಅಳಿಸಬೇಕು. ಪಾಸ್‌ವರ್ಡ್ ಚೀಟಿಯಲ್ಲಿ ಬರೆದಿಟ್ಟುಕೊಳ್ಳದೆ, ರಿಪೇರಿ ಮುಗಿದ ಮೇಲೆ ಬದಲಿಸಿಕೊಳ್ಳಿ ಎಂದು ಹೇಳಬೇಕು. ಫಾರ್ಮ್ಯಾಟ್ ಮಾಡುವ ಮೊದಲು 'ಡೆಸ್ಕ್‌ಟಾಪ್ ಮೇಲೆ ಏನಿದೆ, ಡೌನ್‌ಲೋಡ್ಸ್‌ನಲ್ಲಿ ಏನಿದೆ, ಟ್ಯಾಲಿ ಲೆಕ್ಕ ಎಲ್ಲಿದೆ' ಎಂದು ಕೇಳಿ ಬರೆದುಕೊಳ್ಳಬೇಕು. ಟಕ್ ಟಕ್ ಎಂದು ಸದ್ದು ಮಾಡುವ ಹಾರ್ಡ್‌ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಬಾರದು. ಫೈಲ್ ಮುಖ್ಯವಾಗಿದ್ದರೆ ಡಾಟಾ ತೆಗೆಯುವ ಪರಿಣತರ ಹತ್ತಿರ ಕಳಿಸಿ. 'ಇದು ನನ್ನ ಕೈಲಾಗಲ್ಲ' ಅನ್ನುವುದು ಅವಮಾನವಲ್ಲ.

ಇಲ್ಲಿಯೇ ನಮ್ಮ ಇನ್ನೊಂದು ಅಭಿಪ್ರಾಯವನ್ನೂ ಹೇಳಬೇಕು. ಈ ಕೆಲಸಕ್ಕೆ ಹೆಣ್ಣುಮಕ್ಕಳು ಬರಬೇಕು. ಮನೆಯಲ್ಲೇ ಮಾಡುವ ಕೆಲಸ, ಭಾರ ಎತ್ತುವುದಿಲ್ಲ, ಸಣ್ಣ ಕೈಯ ನಾಜೂಕು ಬೇಕು. ಡಿಪ್ಲೊಮಾ, ಬಿಸಿಎ ಮಾಡಿ ಮದುವೆಯಾಗಿ ಊರಿಗೆ ಬಂದು ಕೂತವರು ಒಂದೊಂದು ಊರಲ್ಲೂ ಇದ್ದಾರೆ. 'ಅಕ್ಕನ ಹತ್ರ ಕೊಟ್ರೆ ಭಯವಿಲ್ಲ' ಎಂದು ಕಾಲೇಜಿನ ಹುಡುಗಿಯರೆಲ್ಲ ಅಲ್ಲಿಗೇ ಬರುತ್ತಾರೆ. ಸ್ವಸಹಾಯ ಸಂಘದ ಸಾಲ ಹಸು, ಹೊಲಿಗೆ ಯಂತ್ರಕ್ಕೆ ಮಾತ್ರ ಎಂದು ಎಲ್ಲೂ ಬರೆದಿಲ್ಲ.

ಸೆಕೆಂಡ್ ಹ್ಯಾಂಡ್ ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಎಚ್ಚರಿಕೆ. ಚಾರ್ಜರ್ ಇಲ್ಲದ, ಬಿಲ್ ಇಲ್ಲದ ಲ್ಯಾಪ್‌ಟಾಪ್ ಅರ್ಧ ಬೆಲೆಗೆ ಬಂದರೆ ಮುಟ್ಟಬೇಡಿ. ಕಳವಿನ ಮಾಲು ಎಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಮಾರಲು ಬಂದವರ ಬಿಲ್, ಗುರುತಿನ ಚೀಟಿಯ ಪ್ರತಿ, ಸಹಿ ಪಡೆಯದೆ ಕೊಳ್ಳಬಾರದು.

'ಕ್ರ್ಯಾಕ್' ಹಾಕಿಕೊಡಿ ಅನ್ನುವವರಿಗೆ

'ವಿಂಡೋಸ್ ಫ್ರೀ ಹಾಕ್ಕೊಡು, ಆಫೀಸ್ ಫ್ರೀ ಹಾಕ್ಕೊಡು' ಎಂದೇ ಎಲ್ಲರೂ ಕೇಳುವುದು. ಕದ್ದ ಸಾಫ್ಟ್‌ವೇರ್ ಕಾನೂನಿಗೆ ವಿರುದ್ಧ ಎಂಬುದು ಒಂದು. ಅದಕ್ಕಿಂತ ಹತ್ತಿರದ ಅಪಾಯ ಇನ್ನೊಂದು. ಆ ಕ್ರ್ಯಾಕ್ ಓಡಬೇಕಾದರೆ ಆ್ಯಂಟಿವೈರಸ್ ಬಂದ್ ಮಾಡಬೇಕು. ಅದೇ ಕಂಪ್ಯೂಟರಿನಲ್ಲಿ ನಾಳೆ ಊರಿನವರ ಬೆರಳಚ್ಚು ಇಟ್ಟು ಹಣ ತೆಗೆಯುತ್ತಾರೆ. ಏನಾದರೂ ಆದರೆ ಬೆರಳು ತೋರಿಸುವುದು ಯಾರ ಕಡೆ? ಹಾಕಿಕೊಟ್ಟವರ ಕಡೆ.

ಈಗ ಇದು ಇನ್ನೂ ಹತ್ತಿರ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಇದೆ, ಅಷ್ಟೇ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಶಾಲೆಗಳಲ್ಲಿರುವ ಹಳೆಯ ಸಿಸ್ಟಮ್‌ಗಳು ಬಹಳಷ್ಟು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಹಾಗೆಂದು ಎಲ್ಲವನ್ನೂ ಗುಜರಿಗೆ ಹಾಕಬೇಕೇ?

ಬೇಕಾಗಿಲ್ಲ. ಉಬುಂಟು, ಲಿನಕ್ಸ್ ಮಿಂಟ್‌ನಂಥ ಸ್ವತಂತ್ರ ತಂತ್ರಾಂಶ ಉಚಿತವಾಗಿ, ಕಾನೂನುಬದ್ಧವಾಗಿ ಸಿಗುತ್ತದೆ. ಹಳೆ ಯಂತ್ರದಲ್ಲೂ ಓಡುತ್ತದೆ. ಲಿಬ್ರೆ ಆಫೀಸ್ ಜೊತೆಗೇ ಬರುತ್ತದೆ, ಕನ್ನಡ ಯೂನಿಕೋಡ್ ಟೈಪಿಂಗ್ ಆಗುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಇದನ್ನೇ ಬಳಸುತ್ತಿವೆ. ಅಲ್ಲಿನ ಮಕ್ಕಳು ಅದರಲ್ಲೇ ಕಲಿತು ಮುಂದೆ ಹೋಗಿದ್ದಾರೆ. ನಮ್ಮ ಶಾಲಾ ಲ್ಯಾಬಿಗೆ, ಓದುವ ಮಕ್ಕಳ ಲ್ಯಾಪ್‌ಟಾಪಿಗೆ ಅದು ಸಾಕು. ಆದರೆ ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಬಳಸುವ ಕೇಂದ್ರಗಳಿಗೆ ವಿಂಡೋಸೇ ಬೇಕಾಗಬಹುದು. ಅಲ್ಲಿ ಲೈಸೆನ್ಸ್ ಕೊಂಡೇ ಹಾಕಿ ಎಂದು ಹೇಳುವ ಧೈರ್ಯ ರಿಪೇರಿಯವರಿಗೆ ಇರಬೇಕು.

ಊರೂ ತನ್ನ ಪಾಲು ಮಾಡಲಿ

ಒಬ್ಬರು ಮೇಜು ಹಾಕಿ ಕೂತರೆ ಸಾಲದು, ಊರು ಅವರಿಗೆ ಕೆಲಸ ಕೊಡಬೇಕು. ಪಂಚಾಯಿತಿ, ಶಾಲೆ, ಸೊಸೈಟಿಯ ಕಂಪ್ಯೂಟರುಗಳ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಎಲ್ಲೋ ದೂರದ ಏಜೆನ್ಸಿಗೆ ಹೋಗುತ್ತದೆ. ಕರೆ ಮಾಡಿದರೆ 'ಕಂಪ್ಲೇಂಟ್ ರಿಜಿಸ್ಟರ್ ಆಗಿದೆ' ಎಂಬ ಉತ್ತರ ಬರುತ್ತದೆ, ಜನ ಬರುವುದಿಲ್ಲ. ಗುತ್ತಿಗೆ ಮುಗಿದ ಯಂತ್ರಗಳನ್ನಾದರೂ ಸ್ಥಳೀಯರಿಗೆ ತೋರಿಸಬಹುದಲ್ಲವೇ? ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಬ್ಬ ಪೋಷಕರು ಎದ್ದು 'ಲ್ಯಾಬಿನ ಬೀಗ ತೆಗೆಯಿರಿ, ಕೆಟ್ಟಿದ್ದೆಷ್ಟು ನೋಡೋಣ' ಎಂದರೆ ಸಾಕು, ಕೆಲಸ ಶುರುವಾಗುತ್ತದೆ. ವಾರಂಟಿ ಇರುವ, ಗುತ್ತಿಗೆ ಇರುವ ಯಂತ್ರ ಮುಟ್ಟಬಾರದು, ಉಳಿದವು ನಮ್ಮವೇ.

ಸತ್ತ ಬ್ಯಾಟರಿ, ಸುಟ್ಟ ಬೋರ್ಡುಗಳನ್ನು ಕೆರೆ ಏರಿ ಪಕ್ಕ ಎಸೆಯುವುದು, ತಾಮ್ರಕ್ಕೆ ವೈರ್ ಸುಡುವುದು ನಿಲ್ಲಬೇಕು. ಆ ಹೊಗೆ, ಆ ಸೀಸ ನಮ್ಮ ದನ ಕುಡಿಯುವ ನೀರಿಗೇ ಬರುತ್ತದೆ. ಇ-ತ್ಯಾಜ್ಯಕ್ಕೆ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಜಾರಿಯಲ್ಲಿದೆ. ಒಂದು ಗೋಣಿಚೀಲದಲ್ಲಿ ಕೂಡಿಟ್ಟು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಇದರಿಂದ ಯಾರೂ ಲಕ್ಷಾಧಿಪತಿ ಆಗುವುದಿಲ್ಲ, ಹಾಗೆ ಹೇಳುವವರನ್ನು ನಂಬಬೇಡಿ. ಮೊದಲ ವರ್ಷ ತೋಟದ ಕೆಲಸದ ಜೊತೆಗೋ, ಟೈಪಿಂಗ್ ಜೊತೆಗೋ ಇದನ್ನು ನಡೆಸಬೇಕಾಗುತ್ತದೆ. ಅರ್ಜಿ ತುಂಬುವ ಸೀಸನ್ನಿನಲ್ಲಿ ಕೈತುಂಬ ಕೆಲಸ, ಬಿತ್ತನೆಯ ಹೊತ್ತಿಗೆ ಖಾಲಿ ಕೂರಬೇಕು. ಆದರೆ ಬೆಂಗಳೂರಿನ ಪಿಜಿಯಲ್ಲಿ ನಾಲ್ಕು ಜನ ಒಂದು ಕೋಣೆಯಲ್ಲಿ ಮಲಗಿ, ತಿಂಗಳ ಕೊನೆಗೆ ಮನೆಯಿಂದಲೇ ಹಣ ತರಿಸಿಕೊಳ್ಳುವ ಕೆಲಸಕ್ಕಿಂತ ಇದು ಕಡೆಯಲ್ಲ. ಮನೆ ಊಟ, ಸ್ವಂತ ಮೇಜು, ಊರಿನವರ ಬಾಯಲ್ಲಿ ಒಂದು ಹೆಸರು.

ಓದುಗರಲ್ಲಿ ನಮ್ಮ ಕೋರಿಕೆ ಒಂದೇ. ಈ ಭಾನುವಾರ ನಿಮ್ಮ ಊರಿನ ಮತ್ತು ಪಕ್ಕದ ಎರಡು ಊರಿನ ಕಂಪ್ಯೂಟರ್, ಪ್ರಿಂಟರ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಓಡುತ್ತಿವೆ, ಎಷ್ಟು ಮೂಲೆಯಲ್ಲಿವೆ, ಕೆಟ್ಟಾಗ ಎಲ್ಲಿಗೆ ಹೊತ್ತುಕೊಂಡು ಹೋಗುತ್ತಾರೆ ಎಂದು ಕೇಳಿ ಬರೆಯಿರಿ. ಆ ಹಾಳೆಯನ್ನು ಊರಲ್ಲಿ ಓದಿ ಕೂತ ಒಬ್ಬ ಹುಡುಗನಿಗೋ ಹುಡುಗಿಗೋ ಕೊಡಿ. ಮೂಲೆಯಲ್ಲಿರುವ ಮೊದಲ ಯಂತ್ರವನ್ನೂ ಅವರಿಗೇ ಕೊಡಿ, ಕೂಲಿ ಕೊಟ್ಟು.